ಹೆಚ್ಚಿಸು ಅಂದರೆ ಅಳಿಸು

ಕಳೆದ ವರ್ಷದ ಕಾರ್ತಿಕ ಮಾಸ. ಹಿತ್ತಿಲಲ್ಲಿ ಕೂತು ದೇವರ ಮನೆಯ ಹಿತ್ತಾಳೆ ದೀಪಗಳನ್ನು ಹುಣಸೆಹಣ್ಣು ಹಚ್ಚಿ ಉಜ್ಜುತ್ತಿದ್ದೆ. ನನ್ನ ಅಣ್ಣನ ಮಗಳು ಚೈತ್ರ ಫೋನು ಹಿಡಿದುಕೊಂಡೇ ಓಡಿಬಂದಳು.

“ಅತ್ತೆ, ಮದ್ದೂರಿನ ಕಸೂತಿ ಕೇಂದ್ರದವರು ಬನ್ನಿ ಅಂದ್ರು! ನನ್ನ ಭಾಷೆ ನೋಡ್ತಾರಂತೆ!”

ಹುಳಿ ಮೆತ್ತಿದ ಕೈಯಲ್ಲೇ ದೇವರಿಗೆ ಕೈಮುಗಿದೆ.

ಚೈತ್ರಳ ಊರು ಬೆಸಗರಹಳ್ಳಿ. ಇಂಜಿನಿಯರಿಂಗ್ ಓದಲೆಂದು ಮಂಡ್ಯದ ಗುತ್ತಲಿನ ನಮ್ಮ ಮನೆಯಲ್ಲಿದ್ದಾಳೆ. ಅವಳು ಮಾಡಿದ್ದು ಕಂಪ್ಯೂಟರಿಗೆ ಮಾತ್ರ ಅರ್ಥವಾಗುವ ಒಂದು ಪುಟ್ಟ ಭಾಷೆ, ಅದೂ ಕನ್ನಡದಲ್ಲಿ. ಚುಕ್ಕಿ, ಎಳೆ, ಸುತ್ತು ಎಂದು ಬರೆದರೆ ಪರದೆಯ ಮೇಲೆ ರಂಗೋಲಿ ಮೂಡುತ್ತದೆ. ಒಂದು ಎಸಳು ಬಿಡಿಸಿ ಅದಕ್ಕೆ ಹೆಸರಿಟ್ಟರೆ ಮುಂದೆ ಆ ಹೆಸರೊಂದೇ ಸಾಕು. ಎಸಳಿನಿಂದ ಕಮಲ, ಕಮಲದಿಂದ ಸೀರೆಯ ಅಂಚು. “ಒಂದ್ಸಲ ಕುಟ್ಟಿಟ್ಟ ಸಾರಿನ ಪುಡಿ ಇದ್ದಂಗೆ ಅತ್ತೆ, ದಿನಾ ಕುಟ್ಟಬೇಕಾಗಿಲ್ಲ. ಬೇಕಾದೋರು ತಮ್ಮ ಪದಾನೂ ಸೇರಿಸ್ಕೋಬಹುದು,” ಎಂದಿದ್ದಳು. ರಂಗೋಲಿಯ ಪದಗಳನ್ನೆಲ್ಲ ನನ್ನನ್ನೇ ಕೇಳಿ ಇಟ್ಟಿದ್ದಳು. ನನಗೆ ಅದೇ ಜಂಬ.

ಬರೆದದ್ದನ್ನು ಪೂರ್ತಿ ತೆಗೆದುಹಾಕಲು ಅವಳು ‘ಅಳಿಸು’ ಎಂಬ ಪದ ಇಟ್ಟಿದ್ದಳು. ಅದನ್ನು ನೋಡಿದ ದಿನ ನನಗೆ ರೇಗಿತ್ತು. ನಮ್ಮಲ್ಲಿ ಬಳೆ ಒಡೆಯಿತು ಅನ್ನುವುದಿಲ್ಲ, ಹೆಚ್ಚಿತು ಅನ್ನುತ್ತೇವೆ. ಅಕ್ಕಿ ಮುಗಿಯಿತು ಅನ್ನುವುದಿಲ್ಲ, ತುಂಬಿತು ಅನ್ನುತ್ತೇವೆ. ನನ್ನತ್ತೆ ಕಲಿಸಿದ ಮಾತು.

“ಲಕ್ಷ್ಮಿ ಬರೋ ರಂಗೋಲಿಗೆ ಅಳಿಸು ಅಂತಾರೇನೇ? ಹೆಚ್ಚಿಸು ಅಂತ ಇಡು,” ಎಂದೆ.

“ಅತ್ತೆ, ಹೆಚ್ಚಿಸು ಅಂದ್ರೆ ಜಾಸ್ತಿ ಮಾಡೋದು ಅನ್ಕೋತಾರೆ.”

“ಹೆಣ್ಮಕ್ಕಳಿಗೆ ಗೊತ್ತಾಯ್ತದೆ ಬುಡು. ಆ ಕೆಟ್ಟ ಪದ ಇಟ್ಕೊಂಡು ಈ ಮನೇಲಿ ಕೂರಬೇಡ.”

ಮರುದಿನ ಪದ ಬದಲಾಗಿತ್ತು.

ಮದ್ದೂರಿಗೆ ನಾನೂ ಹೊರಟೆ, ಡಬ್ಬಿಯಲ್ಲಿ ಪೂಜೆಯ ಪ್ರಸಾದ ಹಾಕಿಕೊಂಡು. ಕೇಂದ್ರಕ್ಕೆ ಹೊಸ ಕಸೂತಿ ಮೆಷಿನ್ ಬಂದಿತ್ತು. ಅದಕ್ಕೆ ಕಂಪ್ಯೂಟರಿನಿಂದ ಚಿತ್ರ ಹೇಳಿಕೊಡುವುದೆಲ್ಲ ಇಂಗ್ಲಿಷಿನಲ್ಲಿ. ಅಲ್ಲಿನ ಮೇಡಂ ಮೊದಲೇ ಹೇಳಿಬಿಟ್ಟರು: “ನೋಡಮ್ಮ, ಇವತ್ತು ನಮ್ಮ ಹೆಣ್ಮಕ್ಕಳ ಕೈಗೆ ಬಗ್ಗಿದ್ರೆ ನಿನ್ನ ಭಾಷೆ ಇಟ್ಕೋತೀವಿ. ಇಲ್ಲಾ, ಇಂಗ್ಲಿಷೇ ಗತಿ.”

ಚೈತ್ರಳ ಎದುರು ಕೂತಾಕೆ ಸಾಕಮ್ಮ, ನನ್ನ ವಯಸ್ಸಿನವಳೇ. ಮಗಳ ಮದುವೆಯ ರವಿಕೆಗೆ ಅಂಚು ಬರೆಯುತ್ತೇನೆಂದು ಹಟ ಹಿಡಿದು ಕೂತಳು. ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತ ಎಸಳು ಮಾಡಿದಳು, ಮಾವಿನಕಾಯಿ ಮಾಡಿದಳು, ಎರಡನ್ನೂ ಕೂಡಿಸಿ ಬಳ್ಳಿ ಮಾಡಿದಳು. ಅದಕ್ಕೆ ಮಗಳ ಹೆಸರೇ ಇಟ್ಟಳು. ಸುತ್ತ ನಿಂತ ಹೆಂಗಸರು “ಭಲೇ ಸಾಕಿ!” ಎಂದು ಬೆನ್ನು ತಟ್ಟಿದರು. ಊಟದ ಹೊತ್ತಾದರೂ ಯಾರೂ ಏಳಲಿಲ್ಲ.

“ಇನ್ನೊಂಚೂರು ಎಚ್ಚು ಮಾಡ್ಬುಡವ, ತೋಳಿನ್ ಸುತ್ತ ಬರ್ಲಿ,” ಎನ್ನುತ್ತ ಸಾಕಮ್ಮ ‘ಹೆಚ್ಚಿಸು’ ಎಂದು ಒತ್ತಿದಳು.

ಪರದೆ ಬೆಳ್ಳಗಾಯಿತು.

“ಅಯ್ಯೋ ನನ್ ಬಳ್ಳಿ! ಎಚ್ಚಿಸು ಅಂದ್ರೆ ಇದ್ದುದ್ದೂ ನುಂಗಾಕ್ಬುಡ್ತಲ್ಲವ್ವಾ! ಯಾವ ಪುಣ್ಯಾತ್ಗಿತ್ತಿ ಕಣೆ ಈ ಪದ ಮಡಗ್ದೋಳು?”

ಹೆಂಗಸರು ಗೊಳ್ಳೆಂದು ನಕ್ಕರು. ಸಾಕಮ್ಮ ನಗಲಿಲ್ಲ. ಮೇಡಂ ಮುಖ ಬಿಗಿದುಕೊಂಡರು. ಅಳಿಸಿದ್ದನ್ನು ವಾಪಸು ತರುವ ಏರ್ಪಾಡನ್ನು ಚೈತ್ರ ಇನ್ನೂ ಮಾಡಿರಲಿಲ್ಲ. ನಾನು ಪ್ರಸಾದದ ಡಬ್ಬಿಯ ಮುಚ್ಚಳ ತಿರುಗಿಸುತ್ತ ತಲೆ ತಗ್ಗಿಸಿದೆ.

“ನಂದೇ ತಪ್ಪು ಅಕ್ಕ,” ಎಂದಳು ಚೈತ್ರ. ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ.

ಮೇಡಂ ಎದ್ದು ನಿಂತರು. ಅಷ್ಟರಲ್ಲಿ ಸಾಕಮ್ಮ ಕುರ್ಚಿ ಎಳೆದುಕೊಂಡಳು. “ತಡೀರಿ ಮೇಡಮ್ಮ. ನಾನ್ ಏಳಿದ್ ಮಾತು ನಂಗೆ ಮರ್ತೋದದಾ? ಲೇ ಮಗ, ಬರ್ಕೊ.” ಕಣ್ಣು ಮುಚ್ಚಿಕೊಂಡು ಸೋಬಾನೆ ಹೇಳುವವಳಂತೆ ಹೇಳತೊಡಗಿದಳು: ಚುಕ್ಕಿ ಇಡು, ಎಳೆ ಎಳಿ, ಸುತ್ತು, ಇದು ಎಸಳು. ಎಸಳು ಇಡು, ಪಕ್ಕದಾಗೆ ಮಾವಿನ್ಕಾಯಿ. ಚೈತ್ರ ಒತ್ತುತ್ತ ಹೋದಳು. ನೋಡನೋಡುತ್ತಿದ್ದಂತೆ ಬಳ್ಳಿ ಮತ್ತೆ ಹಬ್ಬಿತು. ದೇವರು ಅಷ್ಟರಮಟ್ಟಿಗೆ ಕೈಬಿಡಲಿಲ್ಲ.

ಮೇಡಂ ಮತ್ತೆ ಕೂತರು. “ಬಾಯಲ್ಲಿ ನಿಲ್ಲೋ ಭಾಷೆ. ಇಟ್ಕೋತೀವಿ. ಆದ್ರೆ ಆ ಪದ ಮೊದ್ಲು ತೆಗಿ.”

ಆಗ ಬಂತು ನನಗೆ ಬಾಯಿ, ಎಲ್ಲ ಸರಿಹೋದ ಮೇಲೆ. “ಪದ ನಂದು ಕಣಮ್ಮ,” ಎಂದೆ.

ಸಾಕಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ನಮ್ಮತ್ತೇನೂ ನಿಮ್ಮಂಗೇಯ, ಬಳೆ ಎಚ್ಚೋದೊ ಅನ್ನೋರು. ಬಾಯಲ್ಲಂದ್ರೆ ನಂಗೊತ್ತಾಯ್ತದೆ. ಆ ಮಿಷನ್ಗೆ ಅತ್ತೆ ಇದ್ದಾಳಾ, ಏಳ್ಕೊಡಕ್ಕೆ?” ಎಂದು ಪ್ರಸಾದಕ್ಕೆ ಕೈ ಚಾಚಿದಳು. ಎಲ್ಲರ ಜೊತೆ ನಾನೂ ನಕ್ಕೆ. ಮುಖ ಮಾತ್ರ ಕಾದ ಹೆಂಚಾಗಿತ್ತು.

ಮಂಡ್ಯದ ಬಸ್ಸಿನಲ್ಲಿ ಕೇಳಿದೆ, “ನನ್ನ ಹೆಸರು ಯಾಕೆ ಹೇಳಲಿಲ್ಲ?”

“ಒಪ್ಕೊಂಡೋಳು ನಾನಲ್ವಾ ಅತ್ತೆ? ಈಗ ಅಳಿಸು ಅಂತಾನೇ ಮಾಡ್ತೀನಿ. ನಿಮ್ಮ ಪದಾನೂ ಇರುತ್ತೆ, ನಮ್ಮನೆ ಕಂಪ್ಯೂಟರಲ್ಲಿ ಮಾತ್ರ.” ಕಿಟಕಿಗೆ ತಲೆಯಿಟ್ಟು ನಿದ್ದೆ ಹೋದಳು. ಅವಳು ಯಾಕೆ ಒಪ್ಪಿದ್ದಳು ಎಂಬುದು ನನಗೆ ಗೊತ್ತಿತ್ತು. ಈ ಮನೇಲಿ ಕೂರಬೇಡ ಎಂದಿದ್ದೆನಲ್ಲ. ಅವಳಿಗೆ ಮಂಡ್ಯದಲ್ಲಿ ಇದ್ದದ್ದು ಅದೊಂದೇ ಮನೆ. ಇವತ್ತಿಗೂ ಆ ಮಾತು ನೆನಪಾದರೆ ಅವಳ ತಟ್ಟೆಗೆ ಅನ್ನ ಬಡಿಸುವ ನನ್ನ ಕೈ ಒಂದು ಕ್ಷಣ ನಿಲ್ಲುತ್ತದೆ.

ಮರುದಿನ ಬೆಳಗ್ಗೆ ಪೊರಕೆ, ನೀರಿನ ಬಕೆಟ್ಟು ಹಿಡಿದು ಬಾಗಿಲಿಗೆ ಬಂದೆ. ನಿನ್ನೆಯ ರಂಗೋಲಿ ಹೊಸಿಲ ಮುಂದೆ ಹಾಗೇ ಇತ್ತು. ಮದುವೆಯಾಗಿ ಬಂದಾಗಿನಿಂದ ದಿನಾ ನನ್ನ ಕೈಯಾರೆ ಮಾಡುತ್ತಿರುವ ಕೆಲಸಕ್ಕೆ ಮೊದಲ ಸಲ ಅದರ ಹೆಸರು ಹೇಳಿಕೊಂಡೆ. ಅಳಿಸಿದೆ. ನೀರು ಚಿಮುಕಿಸಿ, ಹೊಸ ಚುಕ್ಕಿ ಇಡಲು ಕೂತೆ.