ಬಿಳಿಯಂಗಿಯವನ ಮುಖ

ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಮಕ್ಕಳ ವಾರಪತ್ರಿಕೆಯೊಂದಕ್ಕೆ ಚಿತ್ರಕಥೆ ಬರೆದುಕೊಡುತ್ತಿದ್ದರು, ಅಷ್ಟೇ. ಬೀದಿಯ ಮಕ್ಕಳೆಲ್ಲ ಅವರ 'ಗುಡುಗ'ನನ್ನು ಓದುತ್ತಲೇ ಮೀಸೆ ಬೆಳೆಸಿಕೊಂಡವರು, ಹಾಗಾಗಿ ಮೇಷ್ಟ್ರು ಅನ್ನುವ ಹೆಸರು ತಾನಾಗಿ ಅಂಟಿಕೊಂಡಿತ್ತು. ಗುಡುಗ ಅವರ ಕಥಾನಾಯಕ. ಚಪ್ಪಾಳೆ ತಟ್ಟಿದರೆ ಗೋಡೆ ಉರುಳಬೇಕು, ಹೆಜ್ಜೆ ಇಟ್ಟರೆ ಕಳ್ಳರ ಹಲ್ಲು ಕಟಕಟ ಅನ್ನಬೇಕು, ಅಂಥ ಆಸಾಮಿ. ಅವನನ್ನು ಹುಟ್ಟಿಸಿದ ಮೇಷ್ಟ್ರು ಮಾತ್ರ ಜೋರಾಗಿ ಸೀನಿದ್ದನ್ನೂ ಯಾರೂ ಕೇಳಿದವರಿಲ್ಲ.

ಮನೆಯ ಮುಂದಿನ ಕೋಣೆಯಲ್ಲಿ, ಕಿಟಕಿಗೆ ತಾಗಿಸಿ ಹಾಕಿದ ಓರೆ ಮೇಜಿನ ಮೇಲೆ ಅವರ ಕೆಲಸ. ಪಕ್ಕದ ಸ್ಟೂಲಿನಲ್ಲಿ ಹೆಂಡತಿ. ಅವರು ಗೆರೆ ಎಳೆದು ಮುಗಿಸಿದ ಹಾಳೆಗೆ ಅವಳು ಚೌಕಟ್ಟು ಹಾಕುತ್ತಿದ್ದಳು, ಮಾತಿನ ಗುಳ್ಳೆಗಳೊಳಗೆ ದುಂಡು ಅಕ್ಷರ ಬರೆಯುತ್ತಿದ್ದಳು, ಗುಡುಗನ ಕೂದಲಿಗೂ ಅಂಗಿಗೂ ಮಸಿ ತುಂಬುತ್ತಿದ್ದಳು. ಮದುವೆಯಾದ ಹೊಸದರಲ್ಲಿ ಸುಮ್ಮನೆ ಕೂರಲಾಗದೆ ಶುರು ಮಾಡಿದ ಕೆಲಸ, ಹಾಗೇ ಮುಂದುವರಿದಿತ್ತು. ಪುಟದ ಕೆಳಗೆ ಬರುತ್ತಿದ್ದದ್ದು ಮೇಷ್ಟ್ರ ಹೆಸರೊಂದೇ. ಅವಳು ಕೇಳಿರಲಿಲ್ಲ, ಇವರಿಗೆ ಹೊಳೆದಿರಲಿಲ್ಲ.

ಒಂದು ವರ್ಷ ಮೇಷ್ಟ್ರ ಬಲಭುಜ ಹಿಡಿದುಕೊಂಡಿತು. ತೋಳು ಎತ್ತಿದರೆ ಪ್ರಾಣ ಹೋದಂತಾಗುತ್ತಿತ್ತು. ವಾರದ ಪುಟಗಳಲ್ಲಿ ಅರ್ಧ ಮಾಡುವಷ್ಟರಲ್ಲೇ ಸುಸ್ತು. ಉಳಿದದ್ದನ್ನು ನಾನು ಬರೀತೀನಿ ಅಂತ ಹೆಂಡತಿ ಮುಂದೆ ಬಂದಳು. ಬರೆದಳು ಕೂಡ. ಅವಳ ಕೈ ಚೆನ್ನಾಗೇ ಓಡುತ್ತಿತ್ತು, ಆದರೆ ಗುಡುಗನ ಮುಖ ಮಾತ್ರ ಗುಡುಗನದಾಗುತ್ತಿರಲಿಲ್ಲ. ಎಷ್ಟು ತಿದ್ದಿದರೂ ದವಡೆ ಮೆತ್ತಗಾಗುತ್ತಿತ್ತು, ಕಣ್ಣು ಏನೋ ಕೇಳಿಸಿಕೊಳ್ಳುತ್ತಿರುವವನ ಹಾಗಿರುತ್ತಿತ್ತು.

ಆಗ ಮೇಷ್ಟ್ರಿಗೆ ಒಂದು ಉಪಾಯ ಹೊಳೆಯಿತು. ದುಷ್ಟ ವಿಜ್ಞಾನಿಯ ಯಂತ್ರದೊಳಗೆ ಗುಡುಗನನ್ನು ತಳ್ಳಿಸಿ, ಮಿಂಚು ಹೊಡೆಸಿ, ಅವನನ್ನು ಇಬ್ಬರನ್ನಾಗಿ ಮಾಡಿಬಿಟ್ಟರು. ಒಬ್ಬನಿಗೆ ಕಪ್ಪು ಅಂಗಿ, ಇನ್ನೊಬ್ಬನಿಗೆ ಬಿಳಿ. ಅವಳಿಗಳಾದರೂ ಮುಖದಲ್ಲಿ ಅಷ್ಟಿಷ್ಟು ವ್ಯತ್ಯಾಸ ಇದ್ದರೆ ಯಾರು ಕೇಳುತ್ತಾರೆ? ಕಪ್ಪಂಗಿ ತಮಗೆ, ಬಿಳಿಯಂಗಿ ಹೆಂಡತಿಗೆ. ಪತ್ರಿಕೆಯ ಸಂಪಾದಕಿಗೆ ಮಾತ್ರ ಭುಜದ ವಿಷಯವನ್ನೂ ಹೇಳಲಿಲ್ಲ, ಹೆಂಡತಿಯ ವಿಷಯವನ್ನೂ ಹೇಳಲಿಲ್ಲ. ಕೆಲಸ ಕೈತಪ್ಪೀತು ಅನ್ನುವ ಭಯ.

ಹೆಚ್ಚು ದಿನ ಹೋಗಲಿಲ್ಲ, ಸಂಪಾದಕಿಯೇ ಫೋನ್ ಮಾಡಿ, ಬಿಳಿಯಂಗಿಯವನಿಗೆ ಇನ್ನೂ ಜಾಗ ಕೊಡಿ, ಮಕ್ಕಳು ಅವನನ್ನೇ ಕೇಳುತ್ತಿದ್ದಾರೆ ಅಂದಳು. ಮೇಷ್ಟ್ರಿಗೆ ಇದು ಹಿಡಿಸಲಿಲ್ಲ. ಕಥೆ ಬರೆಯುವವರು ಅವರೇ ಅಲ್ಲವೇ, ಅಲ್ಲೇ ಕೈಚಳಕ ತೋರಿಸಿದರು. ಬೀಳುವ ಸೇತುವೆ ಹಿಡಿಯುವುದು, ಹಡಗು ಎತ್ತುವುದು, ರಾಕ್ಷಸನ ಜೊತೆ ಸೆಣಸುವುದೆಲ್ಲ ಕಪ್ಪಂಗಿಗೆ. ಬಿಳಿಯಂಗಿಗೆ ಸಪ್ಪೆ ಕೆಲಸಗಳು. ಆಸ್ಪತ್ರೆಯಲ್ಲಿ ಒಬ್ಬ ಅಜ್ಜಿಯ ಪರವಾಗಿ ಸರದಿ ಕಾಯುವುದು. ಕೆಟ್ಟು ನಿಂತ ಲಿಫ್ಟಿನಲ್ಲಿ ಹೆದರಿದ ಮಗುವಿನ ಜೊತೆ ಕೂರುವುದು. ಹೋಗು, ಇದರಲ್ಲಿ ಏನು ಕಿಸಿಯುತ್ತೀಯೋ ಕಿಸಿ ಅಂತ ಒಳಗೊಳಗೇ ಅಂದುಕೊಂಡು ಹಾಳೆ ಅವಳ ಕಡೆ ತಳ್ಳಿದರು.

ಅವಳು ಆ ಆಸ್ಪತ್ರೆಯಲ್ಲಿ ಬಿಳಿಯಂಗಿಯವನನ್ನು ಮಂಡಿ ಜೋಡಿಸಿ ಬೆಂಚಿನ ಮೇಲೆ ಕೂರಿಸಿದಳು. ಮಡಿಲಲ್ಲಿ ಅಜ್ಜಿಯ ಕೈಚೀಲ. ಎದುರಿಗೆ ಕೂತ ರೋಗಿಗಳೆಲ್ಲ ಒಬ್ಬೊಬ್ಬರೂ ಬೇರೆ ಬೇರೆ ಮುಖದವರು, ಎಲ್ಲರೂ ಈ ವೀರನನ್ನು ಕದ್ದು ನೋಡುವವರು. ಲಿಫ್ಟಿನ ಪುಟವನ್ನಂತೂ ಪೂರ್ತಿ ಮಸಿಯಲ್ಲಿ ಮುಳುಗಿಸಿದಳು. ಒಂದು ಬಿಳಿ ಅಂಗಿ, ಎರಡು ಜೊತೆ ಕಣ್ಣು, ಅಷ್ಟೇ. ಕೊನೆಯ ಚೌಕದಲ್ಲಿ ಬೆಳಕು ಬಂದಾಗ ಮಗು ನಿದ್ದೆ ಹೋಗಿತ್ತು, ವೀರನ ಕಾಲು ಜೋಮು ಹಿಡಿದಿತ್ತು.

ಆ ಸಂಚಿಕೆ ಬಂದ ವಾರ ಮೇಷ್ಟ್ರು ಕ್ಷೌರಕ್ಕೆ ಹೋಗಿದ್ದರು. ಕ್ಷೌರಿಕ ನೊರೆ ಹಚ್ಚಿದ ಗಲ್ಲದ ಕೆಳಗೆ ಕತ್ತಿ ಆಡಿಸುತ್ತಾ, "ಮೇಷ್ಟ್ರೇ, ಆ ಲಿಫ್ಟಿನ ಕಥೆ ನೋಡಿ ಕಣ್ಣಲ್ಲಿ ನೀರು ಬಂತು ನನಗೆ. ಎಲ್ಲಿಂದ ತರ್ತೀರ ಇದನ್ನೆಲ್ಲ?" ಅಂದ. ಕತ್ತಿನ ಮೇಲೆ ಕತ್ತಿ ಇದ್ದದ್ದರಿಂದ ಮೇಷ್ಟ್ರು ಬರೀ ಹ್ಞೂಂ ಅಂದರು. ಸೇತುವೆ ಹಿಡಿದವನ ಬಗ್ಗೆ ಒಂದು ಮಾತಿಲ್ಲ. ಆಮೇಲೆ ಇದೇ ದಿನಚರಿಯಾಯಿತು. ಬೀದಿಯಲ್ಲಿ, ಬಸ್ಸಿನಲ್ಲಿ, ಅಂಗಡಿಯಲ್ಲಿ ಜನ ಕೈ ಕುಲುಕಿ ಹೊಗಳುತ್ತಿದ್ದರು. ಒಂದೊಂದು ಹೊಗಳಿಕೆಯೂ ಕಪಾಳಕ್ಕೆ ಬಿಟ್ಟಂತೆ. ತನಗೇ ಬಂದ ಶಹಬ್ಬಾಸ್‌ಗೆ ತಾನೇ ಹೊಟ್ಟೆ ಉರಿದುಕೊಳ್ಳುವ ಪಾಡು ಯಾರಿಗೆ ಬಂದೀತು? ಹೊರಗಿನವನಾಗಿದ್ದರೆ ಬೈದು ಹಗುರಾಗಬಹುದಿತ್ತು. ಇವಳೋ ಅದೇ ಮನೆಯಲ್ಲಿದ್ದಾಳೆ, ಭುಜಕ್ಕೆ ಎಣ್ಣೆ ಬಿಸಿ ಮಾಡಿ ತಿಕ್ಕುತ್ತಾಳೆ.

ಅವರು ಅವಳನ್ನು ಗಮನಿಸತೊಡಗಿದರು. ಬಿಳಿಯಂಗಿಯವನನ್ನು ಬರೆಯುವಾಗ ಅವಳು ಗುನುಗುತ್ತಾಳೆ, ಗುಡುಗನ ಕೂದಲಿಗೆ ಮಸಿ ತುಂಬುವಾಗ ಗುನುಗುವುದಿಲ್ಲ. ಇದು ಕಣ್ಣಿಗೆ ಬಿದ್ದ ಮೇಲೆ ಅವಳ ಹಾಳೆಗಳನ್ನು ಕೆದಕತೊಡಗಿದರು. ಬೆರಳು ಗಿಡ್ಡವಾಯಿತು, ಬಾಗಿಲು ವಾಲಿತು ಅಂತ ತಪ್ಪು ಹುಡುಕಿದರು. ಅವಳು ಬೇಸರಿಸದೆ ತಿದ್ದಿದಳು. ತಿದ್ದಿದ ಮೇಲೆ ನೋಡಿದರೆ ಮೊದಲಿನದೇ ಚೆನ್ನಾಗಿತ್ತು, ಅದನ್ನು ಬಾಯಿಬಿಟ್ಟು ಹೇಳುವುದು ಹೇಗೆ?

ಒಂದು ಭಾನುವಾರ ಮಕ್ಕಳ ಗ್ರಂಥಾಲಯದವರು ಮೇಷ್ಟ್ರನ್ನು ಕರೆದರು. ಹೆಂಡತಿಯೂ ಜೊತೆಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತಳು. ಭುಜ ಅಷ್ಟರಲ್ಲಿ ಸುಮಾರು ಸಡಿಲಾಗಿತ್ತು. ಮೇಷ್ಟ್ರು ಹಲಗೆಯ ಮೇಲೆ ಕಪ್ಪಂಗಿಯವನನ್ನು ಬರೆದು ಚಪ್ಪಾಳೆ ಗಿಟ್ಟಿಸಿದರು. ಇನ್ನೊಬ್ಬನನ್ನು ಬರೀರಿ ಅಂತ ಮಕ್ಕಳು ಕೂಗಿದವು. ಬರೆದರು. ಮುಂದಿನ ಸಾಲಿನ ಎರಡು ಜಡೆಯ ಹುಡುಗಿ ತಲೆ ಓರೆ ಮಾಡಿ ನೋಡಿ, "ಇವನು ಅವನಲ್ಲ" ಅಂದಳು. ಮೇಷ್ಟ್ರು ಒರೆಸಿ ಮತ್ತೆ ಬರೆದರು. ಆಗಲೂ ಅವಳು ಅಲ್ಲವೆಂದು ತಲೆಯಾಡಿಸಿದಳು. ಹಿಂದಿನ ಸಾಲಿಗೆ ಕೈ ತೋರಿಸಿ, ಅದನ್ನು ಬರೆಯುವವಳು ಅಗೋ ಅಲ್ಲಿದ್ದಾಳೆ ಅಂದಿದ್ದರೆ ಮುಗಿದಿತ್ತು. ಹೆಂಡತಿ ತಮ್ಮನ್ನೇ ನೋಡುತ್ತಿದ್ದದ್ದೂ ಕಂಡಿತ್ತು. ಆದರೂ ಮೇಷ್ಟ್ರು ಸೀಮೆಸುಣ್ಣ ಸರಿಯಿಲ್ಲ ಅಂತ ನಕ್ಕು, ಕೈ ಒರೆಸಿಕೊಂಡು ಕೂತುಬಿಟ್ಟರು. ಮನೆಗೆ ಬರುವಾಗ ದಾರಿಯುದ್ದಕ್ಕೂ ಅವಳು ನಾಲ್ಕು ಹೆಜ್ಜೆ ಮುಂದೆಯೇ ನಡೆದಳು.

ಕೆಲವು ವಾರದ ಮೇಲೆ ಸಂಪಾದಕಿ, ಇನ್ನು ಅವಳಿಗಳನ್ನು ಒಂದು ಮಾಡಿ ಆ ಕಥೆ ಮುಗಿಸೋಣ, ಮುಂದೆ ಗುಡುಗ ಒಬ್ಬನೇ ಇರಲಿ ಅಂದಳು. ಒಂದಾದವನಿಗೆ ಬಿಳಿಯಂಗಿಯವನ ಮುಖವೇ ಇರಲಿ, ಹೇಗಿದ್ದರೂ ಇಬ್ಬರೂ ನಿಮ್ಮವರೇ, ನಿಮಗೇನು ನಷ್ಟ ಅಂತಲೂ ಸೇರಿಸಿದಳು. ಮೇಷ್ಟ್ರು ಈ ಮಾತನ್ನು ಹೆಂಡತಿಗೆ ಹೇಳಲಿಲ್ಲ. ಕೊನೆಯ ಪುಟ ನಿನಗೆ ತೋಚಿದ ಹಾಗೆ ಬರಿ ಅಂದರು, ಅಷ್ಟೇ. ಅವಳು ಇಬ್ಬರನ್ನೂ ಕೈ ಹಿಡಿಸಿ ಯಂತ್ರದೊಳಗೆ ಕಳಿಸಿದಳು. ಹೊರಗೆ ಬಂದವನಿಗೆ ಗಂಡನ ಗುಡುಗನ ದವಡೆಯಿತ್ತು, ತನ್ನವನ ಕಣ್ಣಿತ್ತು. ಯಾರನ್ನೂ ಬಿಟ್ಟಿರಲಿಲ್ಲ. ಹಾಳೆಯನ್ನು ಗಂಡನ ಮುಂದಿಟ್ಟು, ತಲುಪಿಸಿಬಿಡಿ ಅಂತ ಹೇಳಿ, ಹುಷಾರಿಲ್ಲದ ಅಕ್ಕನನ್ನು ನೋಡಲು ಹೋದಳು.

ಮೇಷ್ಟ್ರು ಆ ಮುಖವನ್ನು ತುಂಬ ಹೊತ್ತು ನೋಡಿದರು. ಜೀವಮಾನದಲ್ಲಿ ಅಂಥದ್ದೊಂದು ಮುಖ ತಮ್ಮ ಕೈಯಿಂದ ಬಂದಿರಲಿಲ್ಲ. ಬಿಳಿ ಬಣ್ಣದ ಸೀಸೆ ತೆಗೆದು ಒಂದೊಂದು ಚೌಕದಲ್ಲೂ ಆ ಮುಖವನ್ನು ಮುಚ್ಚಿದರು. ಒಣಗಿದ ಮೇಲೆ ಅದರ ಮೇಲೆ ತಮ್ಮ ಹಳೆಯ ಗುಡುಗನನ್ನು ಬರೆದರು. ಪುಟ ನೋಡಿ ಸಂಪಾದಕಿ ಹುಬ್ಬು ಗಂಟಿಕ್ಕಿದಳು, ಆದರೆ ಅಚ್ಚಿಗೆ ಹೋಗುವ ಹೊತ್ತಾಗಿತ್ತು.

ಪತ್ರಿಕೆ ಬಂದ ಬೆಳಿಗ್ಗೆ ಹೆಂಡತಿ ಬಾಗಿಲಲ್ಲೇ ನಿಂತು ಕೊನೆಯ ಪುಟ ತೆರೆದಳು. ಮತ್ತೆ ಒಳಗೆ ಬಂದು ಮೇಜಿನ ಮುಂದೆ ನಿಂತಳು.

"ಇದು ಪತ್ರಿಕೆಯವರು ಹೇಳಿ ಮಾಡಿಸಿದ್ದಾ, ನೀವೇ ಮಾಡಿದ್ದಾ?"

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಯಾಕೋ ಹೊರಡಲಿಲ್ಲ. "ನಾನೇ."

"ಯಾಕೆ?"

"ಹೊಟ್ಟೆಕಿಚ್ಚು" ಅಂದರು ಮೇಷ್ಟ್ರು.

"ನನ್ನ ಮೇಲಾ?" ಅಂದಳು ಅವಳು. ಬೇರೆ ಯಾರ ಮನೆಗೋ ಬರಬೇಕಾದ ಸುದ್ದಿ ವಿಳಾಸ ತಪ್ಪಿ ಬಂತೇನೋ ಅನ್ನುವ ಹಾಗೆ ಕೇಳಿದಳು. ಅರೆಕ್ಷಣ ನಗು ಬಂದಂತೆಯೂ ಕಂಡಿತು. ಆಮೇಲೆ ಮುಖ ಬಿಗಿಯಿತು. "ಇಷ್ಟು ವರ್ಷ ನಿಮ್ಮವನ ತಲೆಗೆ ಮಸಿ ತುಂಬಿದೀನಿ. ಅವನು ನನ್ನವನು ಅಂತ ಒಂದು ದಿನ ಅನ್ನಲಿಲ್ಲ. ಇವನೊಬ್ಬ ನನ್ನವನಾಗಿದ್ದ ಕಣ್ರೀ. ಅವನ ಮುಖಕ್ಕೇ ಸುಣ್ಣ ಬಳಿದ್ರಲ್ಲ."

ಕುಂಚ, ನಿಬ್ಬು, ಮಸಿಬಾಟಲಿ ಎಲ್ಲ ತೆಗೆದುಕೊಂಡು ಅಡುಗೆಮನೆಯ ಪಕ್ಕದ ಊಟದ ಮೇಜಿಗೆ ಹೋದಳು. ಊಟ, ತಿಂಡಿ, ಬೇಕು ಬೇಡ ಎಲ್ಲದಕ್ಕೂ ಮಾತಿತ್ತು. ಆದರೆ ಗುಡುಗನ ಪುಟವನ್ನು ಬೆರಳಿನಿಂದಲೂ ಮುಟ್ಟಲಿಲ್ಲ. ಮಸಿ ತುಂಬುವ ಕೆಲಸ ಮೇಷ್ಟ್ರ ತಲೆಗೇ ಬಂತು. ಅಂಗಿಯ ಕಪ್ಪು ಕುತ್ತಿಗೆಗೆ ಹರಿಯಿತು. ಗುಳ್ಳೆಗಳಲ್ಲಿ ಅಕ್ಷರ ಹಿಡಿಸದೆ ಕೊನೆಯ ಪದಗಳು ಗೋಡೆಗೆ ಒತ್ತಿಕೊಂಡು ನಿಂತವು. ಏನ್ರೀ ಇದು, ಕೋಳಿ ಕೆದರಿದ ಹಾಗಿದೆ ಅಂತ ಸಂಪಾದಕಿ ಕರೆಸಿ ಕೇಳಿದಳು. ಮೇಷ್ಟ್ರು ಕುರ್ಚಿಯ ತುದಿಯಲ್ಲಿ ಕೂತು ಭುಜದಿಂದ ಹಿಡಿದು ಬಿಳಿ ಬಣ್ಣದವರೆಗೂ ಎಲ್ಲ ಹೇಳಿದರು. ಸಂಪಾದಕಿ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡಳು.

"ಅವರನ್ನ ಕರ್ಕೊಂಡು ಬನ್ನಿ."

"ನನ್ನ ಜೊತೆ ಬರಲ್ಲ."

"ಹಾಗಾದ್ರೆ ನಾನೇ ಬರ್ತೀನಿ."

ಮರುದಿನವೇ ಬಂದಳು. ಹೆಂಗಸರಿಬ್ಬರೂ ಊಟದ ಮೇಜಿನಲ್ಲಿ ಕೂತು ಮಾತಾಡಿದರು, ಮೇಷ್ಟ್ರು ಮುಂದಿನ ಕೋಣೆಯಲ್ಲಿ ಕಿವಿ ನಿಮಿರಿಸಿಕೊಂಡು ಕೂತಿದ್ದರು. ಹೆಂಡತಿ ಕೇಳಿದ್ದು ಇಷ್ಟು: ಬಿಳಿಯಂಗಿಯವನು ಮತ್ತೆ ಬೇರೆಯಾಗಬೇಕು, ಅವನ ಕಥೆಯನ್ನೂ ತಾನೇ ಬರೆಯಬೇಕು, ಕೆಳಗೆ ತನ್ನ ಹೆಸರಿರಬೇಕು. ಸಂಪಾದಕಿ ಎಲ್ಲಕ್ಕೂ ಒಪ್ಪಿದಳು. ಯಂತ್ರವನ್ನು ಇನ್ನೊಮ್ಮೆ ಸಿಡಿಸಿ ಅವಳಿಗಳನ್ನು ಬೇರೆ ಮಾಡುವ ಪುಟವನ್ನು ಮೇಷ್ಟ್ರೇ ಬರೆದುಕೊಟ್ಟರು. ಯಾರೂ ಹೇಳಿರಲಿಲ್ಲ, ಅವರಾಗಿಯೇ ಬರೆದದ್ದು. ಬಿಳಿಯಂಗಿಯವನ ಮುಖದ ಜಾಗವನ್ನು ಖಾಲಿ ಬಿಟ್ಟು ಹಾಳೆಯನ್ನು ಊಟದ ಮೇಜಿನ ಮೇಲಿಟ್ಟು ಬಂದರು. ಸಂಜೆ ಹೊತ್ತಿಗೆ ಅದು ತುಂಬಿ ವಾಪಸು ಬಂದಿತ್ತು.

ಅವಳ ಹೆಸರು ಅಚ್ಚಾದ ವಾರ ಮೇಷ್ಟ್ರು ಪತ್ರಿಕೆಯನ್ನು ಅಂಗಡಿಯವರಿಗೂ ಕ್ಷೌರಿಕನಿಗೂ ತಾವೇ ಹೋಗಿ ತೋರಿಸಿದರು. ತೋರಿಸಿ ಬರುವಾಗ ದಾರಿಯಲ್ಲಿ ಹೊಟ್ಟೆ ಉರಿಯುತ್ತಲೇ ಇತ್ತು. ಕಿಚ್ಚು ಹಾಗೆಲ್ಲ ಹೇಳಿದ ಮಾತು ಕೇಳುವುದಿಲ್ಲ. ಬೀದಿಯವರು ಈಗ ಅವಳನ್ನು ಮೇಷ್ಟ್ರಮ್ಮ ಅನ್ನತೊಡಗಿದರು, ಅವಳನ್ನು ನೋಡಲೆಂದೇ ಮನೆಗೆ ಜನ ಬಂದರು. ಬಂದವರಿಗೆ ಬಾಗಿಲು ತೆರೆಯುವುದು ಮೇಷ್ಟ್ರು. ಆದರೆ ಒಂದು ಬದಲಾವಣೆ ಆಗಿತ್ತು. ಅವರು ಆ ಕಿಚ್ಚನ್ನು ಒಳಗಿಟ್ಟುಕೊಂಡು ಬೇಯುವುದು ಬಿಟ್ಟಿದ್ದರು. ಬಂದವರು ಹೋದ ಮೇಲೆ ಊಟದ ಮೇಜಿನ ಹತ್ತಿರ ಬಂದು ನಿಲ್ಲುತ್ತಿದ್ದರು, ತಲೆನೋವಿನ ಸುದ್ದಿ ಹೇಳುವ ಹಾಗೆ ಹೇಳುತ್ತಿದ್ದರು.

"ಇವತ್ತು ಸ್ವಲ್ಪ ಜಾಸ್ತಿ ಇದೆ ಕಣೆ."

"ಕೂತ್ಕೊಳ್ಳಿ, ಟೀ ಮಾಡ್ತೀನಿ. ಇಳಿಯುತ್ತೆ" ಅನ್ನುತ್ತಿದ್ದಳು ಅವಳು, ಹಾಳೆಯಿಂದ ತಲೆ ಎತ್ತದೆ.

ಕೆಲವು ದಿನ ಇಳಿಯುತ್ತಿತ್ತು. ಇಳಿಯದ ದಿನ ಎರಡನೆಯ ಲೋಟ ಕುಡಿದು, ಎದ್ದು, ಮುಂದಿನ ಕೋಣೆಗೆ ಹೋಗಿ ಗುಡುಗನ ಅಂಗಿಗೆ ಮಸಿ ತುಂಬುತ್ತಿದ್ದರು.