ಗಂಜಿ ಕುಡಿದ ಕಂಬಳಿಗಳು

ಗುಬ್ಬಿಯಿಂದ ತುಮಕೂರಿನ ಕಡೆಗೆ ಹೊರಟರೆ, ರಸ್ತೆಯಿಂದ ಸ್ವಲ್ಪ ಒಳಕ್ಕೆ ಒಂದು ಕುರುಬರ ಹಟ್ಟಿ ಸಿಗುತ್ತದೆ. ಈಗ ಅಲ್ಲಿ ಒಂದೂ ಮಗ್ಗವಿಲ್ಲ. ಹುಡುಗರು ಬೆಳಿಗ್ಗೆ ಬೈಕು ಹತ್ತಿ ಅಂತರಸನಹಳ್ಳಿಯ ಫ್ಯಾಕ್ಟರಿಗಳಿಗೆ ಹೋಗುತ್ತಾರೆ, ಚಳಿಗೆ ಪಾಲಿಯೆಸ್ಟರ್ ರಗ್ಗು ಹೊದೆಯುತ್ತಾರೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಇದೇ ಬೀದಿಯಲ್ಲಿ ಮನೆಗೊಂದು ಗುಂಡಿಮಗ್ಗವಿತ್ತು. ಗಂಜಿ ಕಾಯಿಸುವುದರಲ್ಲಿ ಚಿಕ್ಕಮಾರಮ್ಮನನ್ನು ಮೀರಿಸುವ ಹೆಂಗಸು ಇಡೀ ಬೀದಿಯಲ್ಲಿ ಇರಲಿಲ್ಲ.

ಗಂಜಿ ಅಂದರೆ ಕುಡಿಯುವ ಗಂಜಿಯಲ್ಲ. ಹುಣಸೆ ಬೀಜವನ್ನು ಹುರಿದು, ಸಿಪ್ಪೆ ಬಿಡಿಸಿ, ನೆನೆಸಿ, ರುಬ್ಬಿ, ಕುದಿಸಿದ ಅಂಟು. ಹಾಸಿನ ನೂಲನ್ನು, ಅಂದರೆ ಮಗ್ಗದ ಉದ್ದೆಳೆಗಳನ್ನು, ಬೀದಿಯುದ್ದಕ್ಕೂ ಎಳೆದು ಕಟ್ಟಿ ಅದಕ್ಕೊಂದು ಸಲ ಬಳಿಯಬೇಕು. ಬಳಿಯದಿದ್ದರೆ ಮಗ್ಗದಲ್ಲಿ ಎಳೆ ನಿಲ್ಲುವುದಿಲ್ಲ. ನೇಯ್ದು ಮುಗಿದ ಮೇಲೆ ಇಡೀ ಕಂಬಳಿಗೆ ಇನ್ನೊಂದು ಸಲ. ಇದು ಮರ್ಯಾದೆಯ ಗಂಜಿ. ಸರಿಯಾಗಿ ಗಂಜಿ ಕುಡಿದ ಕಂಬಳಿಯನ್ನು ಮಡಿಚಿ ನೆಲಕ್ಕಿಟ್ಟರೆ ಆಳಿನ ಹಾಗೆ ನೆಟ್ಟಗೆ ನಿಲ್ಲುತ್ತದೆ. ನಿಲ್ಲದ ಕಂಬಳಿಯನ್ನು ಸಂತೆಯಲ್ಲಿ ಯಾರೂ ಮೂಸಿ ನೋಡುತ್ತಿರಲಿಲ್ಲ. ಗಂಜಿ ಮಡಕೆ ಕುಲದೈವ ಬೀರೇದೇವರ ಸೊತ್ತು. ಮೊದಲ ಕುಂಚ ಮಗ್ಗಕ್ಕೆ, ಆಮೇಲೆ ನೂಲಿಗೆ. ಆ ಮಡಕೆಗೆ ಮನುಷ್ಯರ ಬಾಯಿ ತಾಗುವ ಹಾಗಿಲ್ಲ.

ಚಿಕ್ಕಮಾರಮ್ಮ ಮದುವೆಯಾಗಿ ಬಂದ ವರ್ಷವೇ ಬೆಲೆಗಳು ಮಕಾಡೆ ಬಿದ್ದವು. ಸಮುದ್ರದಾಚೆ ದೊಡ್ಡ ದೊಡ್ಡವರ ವ್ಯಾಪಾರ ಮುಳುಗಿತಂತೆ, ಅದಕ್ಕೆ ಗುಬ್ಬಿ ಸಂತೆಯಲ್ಲಿ ಕಂಬಳಿ ಹೋಗುತ್ತಿಲ್ಲವಂತೆ ಅಂದರು. ಹಟ್ಟಿಯವರಿಗೆ ಇದು ತಲೆಬುಡ ತಿಳಿಯಲಿಲ್ಲ. ರಾಗಿ ಅಗ್ಗ, ಕೊಬ್ಬರಿ ಅಗ್ಗ, ಕೊಳ್ಳುವವನ ಕೈಯಲ್ಲಿ ಕಾಸಿಲ್ಲ. ಇಳಿಯದೆ ನಿಂತದ್ದು ಕಂದಾಯ ಒಂದೇ. ಮಗ್ಗದ ಗುಂಡಿಯಲ್ಲಿ ಕೋಳಿ ಕಾವಿಗೆ ಕೂತಿತು. ಗಂಡ ರೇವಣಸಿದ್ದಯ್ಯ ಹೆಂಡತಿಯನ್ನು ಕರೆದುಕೊಂಡು ಕುಣಿಗಲ್ ಕಡೆಗೆ ಹೊರಟ. ಮಾರ್ಕೋನಹಳ್ಳಿಯಲ್ಲಿ ಅಣೆಕಟ್ಟಿನ ಕೆಲಸ ನಡೆಯುತ್ತಿತ್ತು. ಅಲ್ಲಿ ಇಬ್ಬರೂ ವರ್ಷಗಟ್ಟಲೆ ಕಲ್ಲು ಹೊತ್ತರು. ಎಳೆ ಹಿಡಿಯುವ ಬೆರಳು ಕಲ್ಲು ಹಿಡಿದು ಕಲ್ಲೇ ಆದವು. ಚಳಿಜ್ವರದಲ್ಲಿ ಎರಡು ಕೂಸುಗಳನ್ನು ಆ ಕಟ್ಟೆಯ ಬುಡದಲ್ಲೇ ಹೂತರು. ಮೂರನೆಯವಳು ಕೆಂಚಿ ಹೇಗೋ ಉಳಿದಳು. ಅವಳನ್ನು ಸೊಂಟಕ್ಕೆ ಕಟ್ಟಿಕೊಂಡು ಹಟ್ಟಿಗೆ ವಾಪಸ್ಸು ಬರುವ ಹೊತ್ತಿಗೆ ಯುದ್ಧ ಶುರುವಾಗಿತ್ತು.

ಯುದ್ಧದಲ್ಲಿ ಜನ ಸಾಯತೊಡಗಿದ ಮೇಲೆ ಕಂಬಳಿಗೆ ಗಿರಾಕಿ ಬಂತು. ಸಿಪಾಯಿಗಳಿಗೆ ಎಷ್ಟಿದ್ದರೂ ಸಾಲದು. ತುಮಕೂರಿನ ಉಣ್ಣೆ ವ್ಯಾಪಾರಿ ಗುಲಾಮ್ ನಬಿ ಗಾಡಿಯಲ್ಲಿ ಉಣ್ಣೆಯನ್ನೂ ಹುಣಸೆ ಬೀಜವನ್ನೂ ತಂದು ಹಟ್ಟಿಗೆ ಹಂಚಿದ. ನೇಯ್ದ ಕಂಬಳಿಗಳ ಹೊರೆ ತುಮಕೂರಿನ ಮಿಲಿಟರಿ ಡಿಪೋದಲ್ಲಿ ಪಾಸಾದರೆ ರಾಗಿ ಸಿಗುತ್ತಿತ್ತು. ಆ ಕಾಲಕ್ಕೆ ರಾಗಿ ದುಡ್ಡಿಗಿಂತ ದೊಡ್ಡದು. ಲೆವಿ ಅಂತ ಸರ್ಕಾರ ಕಣದಿಂದಲೇ ರಾಗಿ ಎತ್ತಿಕೊಂಡು ಹೋಗುತ್ತಿತ್ತು. ಅಂಗಡಿಯಲ್ಲಿ ಸೀಮೆಎಣ್ಣೆ ಇಲ್ಲ, ಬಟ್ಟೆ ಇಲ್ಲ, ಕಾಳು ಇಲ್ಲ. ಕೊನೆಗೆ ಹಟ್ಟಿಯಲ್ಲಿ ಗೆಡ್ಡೆ ಬೇಯಿಸಿ ತಿನ್ನತೊಡಗಿದರು. ಕೆಂಚಿಗೆ ಅದು ಒಗ್ಗಲಿಲ್ಲ. ತಿಂದದ್ದನ್ನೆಲ್ಲ ಕಕ್ಕುತ್ತಿದ್ದಳು. ಕಾಲು ಊದಿಕೊಂಡು ಹೊಳೆಯುತ್ತಿದ್ದವು. ಅಂಥ ಕಾಲು ಏನು ಹೇಳುತ್ತದೆ ಅನ್ನುವುದು ಮಾರ್ಕೋನಹಳ್ಳಿಯಲ್ಲಿ ನೋಡಿದ್ದ ಚಿಕ್ಕಮಾರಮ್ಮನಿಗೆ ಗೊತ್ತಿತ್ತು.

ಹೊರೆಗೆ ಎರಡನೇ ಗಂಜಿ ಬಳಿಯುವ ದಿನ, ನಡೆಯಲಾಗದ ಕೆಂಚಿ ತೆವಳಿಕೊಂಡು ಬಂದು ಮಡಕೆಗೆ ಬೆರಳಿಟ್ಟಳು. ಚಿಕ್ಕಮಾರಮ್ಮ ಫಟ್ಟನೆ ಕೈಗೊಂದು ಬಿಟ್ಟಳು.

ಚಳಿಜ್ವರ ಮರುಕಳಿಸಿ ಚಾಪೆ ಹಿಡಿದಿದ್ದ ರೇವಣಸಿದ್ದಯ್ಯ ತಲೆಯೆತ್ತಿದ. "ಏನಮ್ಮಿ, ಯಾಕ್ ಹೊಡೀತಿದೀಯ ಮಗೀನ?"

"ಮಡಕೆಗೆ ಬೆರಳಿಕ್ಕಿದ್ಲು."

"ಹಂಗಾದ್ರೆ ಸರಿ ಬುಡು."

"ತಡ್ಕೊಳವ್ವ," ಅಂದಳು ಮಗಳಿಗೆ. "ಈ ಹೊರೆ ಪಾಸಾಗ್ಲಿ. ರಾಗಿ ತತ್ತೀನಿ. ಅಂಬಲಿ ಕಾಯಿಸ್ತೀನಿ, ತೆಳ್ಳಗೆ."

ಅವಳು ಆ ಹೊರೆಯ ಪಾಲಿನ ಬೀಜದಲ್ಲಿ ಒಂದು ಕಾಳನ್ನೂ ಉಳಿಸಿಕೊಳ್ಳದೆ ಅದಕ್ಕೇ ಸುರಿದಳು. ಕಂಬಳಿಗಳು ತಗಡಿನ ಹಾಗಾದವು. ಬೀದಿಯ ಹೆಂಗಸರು ಬಂದು ಬಡಿದು ನೋಡಿ, "ಬಾಗ್ಲಿಗೆ ಹಾಕ್ಬೋದು ಕಣೇ, ಕಳ್ಳ ಬರಲ್ಲ" ಅಂದರು.

ಗಂಡ ಏಳಲಾರ, ಹೊರೆ ಹೊತ್ತು ಅವಳೇ ತುಮಕೂರಿಗೆ ಹೊರಟಳು. ಪೆಟ್ರೋಲು ಮಿಲಿಟರಿಯ ಪಾಲಾಗಿ, ಬಸ್ಸುಗಳು ಹಿಂದೆ ಒಂದು ದುಂಡನೆಯ ಒಲೆ ಕಟ್ಟಿಕೊಂಡು ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದವು. ಓಡುತ್ತಿದ್ದವು ಅನ್ನುವುದು ಮಾತಿಗೆ. ಏರು ಬಂದರೆ ಜನ ಇಳಿದು ತಳ್ಳಬೇಕು.

ಡಿಪೋದಲ್ಲಿ ಗುಲಾಮ್ ನಬಿ ಮೊದಲೇ ಬಂದು ನಿಂತಿದ್ದ. ಮುಖ ಸಪ್ಪಗಿತ್ತು. ಚಿಕ್ಕಮಾರಮ್ಮ ಅದನ್ನು ಗಮನಿಸದೆ, ತೂಕದ ಗುಮಾಸ್ತ ಅನಂತರಾಜುವಿನ ಎದುರಿಗೆ ಒಂದು ಕಂಬಳಿ ತೆಗೆದು ನೆಲದ ಮೇಲೆ ನಿಲ್ಲಿಸಿದಳು.

"ನೋಡಿ ಸ್ವಾಮಿ, ಹೆಂಗ್ ನಿಂತದೆ!"

ಅನಂತರಾಜು ನಕ್ಕ. "ಸಿಪಾಯಿ ಹೊದ್ಕೊಬೇಕಮ್ಮ ಇದ್ನ. ಪರೇಡ್ ಮಾಡ್ಸೋಕಲ್ಲ." ಆಮೇಲೆ ಹಿಂದಕ್ಕೆ ತಿರುಗಿ, "ತೊಟ್ಟಿಗೆ ಹಾಕ್ರೋ" ಅಂದ.

ಆಳುಗಳು ಕಂಬಳಿಗಳನ್ನು ನೀರಿನ ತೊಟ್ಟಿಗೆ ಎಸೆದು ಕಾಲಲ್ಲಿ ತುಳಿಯತೊಡಗಿದರು. ನೀರು ಮೊದಲು ಬೆಳ್ಳಗಾಯಿತು, ಆಮೇಲೆ ಮಂದವಾಯಿತು. ಒಬ್ಬ ತೂಬು ಕಿತ್ತ. ಒಡೆದ ಹಾಲಿನಂಥದ್ದು ಚರಂಡಿಗೆ ಹರಿಯಿತು. ಒಂದು ನಾಯಿ ಬಂದು ನೆಕ್ಕಿತು.

"ನಿಲ್ಸ್ರಪ್ಪೋ!" ಚಿಕ್ಕಮಾರಮ್ಮ ತೊಟ್ಟಿಗೆ ಅಡ್ಡ ಬಿದ್ದಳು. "ನನ್ ಮಗೀನ್ ಬಾಯಿಗೆ ಹಾಕ್ದೆ ಇದಕ್ ಹಾಕಿದೀನಿ, ಚರಂಡಿಗ್ ಬುಡ್ತಿದೀರಲ್ಲ, ನಿಮ್ ಮನೆ ಹಾಳಾಗ!"

"ನನ್ನ ಯಾಕಮ್ಮ ಬೈತೀಯ?" ಅನಂತರಾಜುವಿಗೂ ರೇಗಿತು. "ಬರ್ಮಾ ಗಡೀಲಿ ಮಳೆ ಬಿಡೋದೇ ಇಲ್ವಂತೆ. ಗಂಜಿ ಹುಳಿ ಬಂದು, ಬೂಷ್ಟು ಹಿಡಿದು, ಸಿಪಾಯಿಗಳ ಮೈಯೆಲ್ಲ ಕಜ್ಜಿ. ತೊಳೆದು ಒಣಗಿಸಿ ತೂಕ ಹಾಕಿ ಅಂತ ಆರ್ಡರ್ ಬಂದಿದೆ. ಬರೀ ಉಣ್ಣೆ ತೂಗಬೇಕು, ಗಂಜಿ ಅಲ್ಲ."

ಒಣಗುವವರೆಗೂ ಅವಳು ಬಿಸಿಲಲ್ಲೇ ಕೂತಳು. ತೂಗಿದರು. ತೂಕ ಸಾಲಲಿಲ್ಲ. ಸಾಲುವುದು ಹೇಗೆ? ಎರಡನೇ ಗಂಜಿಯ ತೂಕವನ್ನು ಸೇರಿಸಿಕೊಂಡೇ ಕುರುಬರು ಕಂಬಳಿಯ ಲೆಕ್ಕ ಹಿಡಿಯುತ್ತಿದ್ದದ್ದು. ತಾತನ ಕಾಲದಿಂದ ಹಾಗೇ. ಅದು ಮೋಸ ಅಂತ ಯಾರಿಗೂ ಅನ್ನಿಸಿರಲಿಲ್ಲ, ಕಂಬಳಿ ಅಂದರೆ ಅದೇ. ಹೊರೆಯನ್ನು ವಾಪಸ್ಸು ಎಸೆದರು. ರಾಗಿ ಇಲ್ಲ.

"ಸಾಬ್ರೇ, ನಿಮಗ್ ಗೊತ್ತಿತ್ತಾ?"

"ಖುದಾ ಕಸಂ, ನಂಗೂ ಇವತ್ ಬೆಳಿಗ್ಗೆ ಗೊತ್ತಾಗಿದ್ದು ಕಣಮ್ಮ." ಗುಲಾಮ್ ನಬಿ ಮೂಲೆ ತೋರಿಸಿದ. ಬೇರೆ ಹಳ್ಳಿಗಳ ಹೊರೆಗಳು ಅಲ್ಲಿ ಸತ್ತ ಕುರಿಗಳ ಹಾಗೆ ರಾಶಿ ಬಿದ್ದಿದ್ದವು. "ಮುಂದಿನ ಹೊರೆಗೆ ಉಣ್ಣೆ ಜಾಸ್ತಿ ಹಾಕಿ ನೇಯಿ ಅನ್ನು ನಿನ್ ಯಜಮಾನಂಗೆ. ಈ ಕಂಬ್ಳಿ ನೀವೇ ಇಟ್ಕೊಳಿ." ಹೆಂಡತಿ ಮಸ್ತಾನ್ ಬೀ ಕಟ್ಟಿಕೊಟ್ಟಿದ್ದ ರೊಟ್ಟಿಯಲ್ಲಿ ಅರ್ಧ ಮುರಿದು ಅವಳ ಕೈಗಿಟ್ಟ.

ಮಗಳಿಗೆ ಅಂತ ಅದನ್ನು ಸೆರಗಿಗೆ ಗಂಟು ಹಾಕಿಕೊಂಡಳು. ದೊಡ್ಡ ಏರಿನಲ್ಲಿ ಬಸ್ಸು ತಳ್ಳುವಾಗ ಕಣ್ಣು ಕತ್ತಲೆ ಬಂತು. ಗಂಟು ಬಿಚ್ಚಿ, ನಿಂತ ನಿಲುವಿನಲ್ಲೇ ಅಷ್ಟನ್ನೂ ತಾನೇ ತಿಂದಳು.

ಗುಬ್ಬಿಯಲ್ಲಿ ಇಳಿದವಳು ಕಂಬಳಿ ಕೊಟ್ಟು ರಾಗಿ ಕೇಳಲು ಸೀದಾ ಗಂಗಲಕ್ಷ್ಮಮ್ಮನ ಮನೆಗೆ ಹೋದಳು. ತೆಂಗಿನ ತೋಟದ ಮನೆ. ಲೆವಿಯವರ ಕಣ್ಣು ತಪ್ಪಿಸಿ ನೆಲದೊಳಗಿನ ಹಗೇವಿನಲ್ಲಿ ರಾಗಿ ಇಟ್ಟಿದ್ದಾರೆ ಅನ್ನುವುದು ಊರಿಗೇ ಗೊತ್ತಿದ್ದ ಗುಟ್ಟು.

ಗಂಗಲಕ್ಷ್ಮಮ್ಮ ಕಂಬಳಿಯ ಅಂಚು ಹಿಡಿದವಳು ತಟ್ಟನೆ ಬಿಟ್ಟಳು. "ಇದೇನೇ ಹಿಂಗೈತೆ? ತೊಳ್ದಿದೀಯಾ?"

"ಡಿಪೋದೋರು ತೊಳುದ್ರು ಅಕ್ಕಾ. ಹೊಸದು. ಯಾರೂ ಹೊದ್ದಿಲ್ಲ."

"ಕಂಬ್ಳಿ ತೊಳ್ಯೋದು ಹೊದ್ದೋರು ಸತ್ರೇ ಕಣೇ. ಮದ್ವೆ ಹಸೆಗೆ ಹಾಸೋ ಮನೇಲಿ ಇದ್ನ ಇಟ್ಕೊಳಾ?"

"ಗಂಜಿ ಹಾಕ್ಕೊಂಡ್ ಬತ್ತೀನಿ, ನಿಂತ್ಕೊಳೋ ಹಂಗೆ."

"ಏನ್ ಹಾಕುದ್ರೇನು, ನಾನೇ ಕಣ್ಣಾರೆ ಕಂಡ್ನಲ್ಲ. ಹೋಗವ್ವ, ಕತ್ಲಾಯ್ತದೆ."

ಮನೆ ತಲುಪಿದಾಗ ದೀಪ ಹಚ್ಚುವ ಹೊತ್ತು, ಹಚ್ಚಲು ಎಣ್ಣೆ ಇಲ್ಲ. ಕೆಂಚಿ ಗೋಡೆಗೆ ಒರಗಿ ಕೂತಿದ್ದಳು, ಅಳುತ್ತಿರಲಿಲ್ಲ. ಅದೇ ಚಿಕ್ಕಮಾರಮ್ಮನಿಗೆ ಭಯ ಹುಟ್ಟಿಸಿದ್ದು. ಮುಂದಿನ ಹೊರೆಯ ಹಾಸಿನ ನೂಲಿಗೆ ಬಳಿಯಲು ಹುರಿದು, ಸಿಪ್ಪೆ ಬಿಡಿಸಿ ನೆನೆಹಾಕಿದ್ದ ಬೀಜ ಮೂಲೆಯಲ್ಲಿತ್ತು. ಅವಳು ಅದನ್ನು ರುಬ್ಬಿದಳು, ಒಲೆಯ ಮೇಲಿಟ್ಟು ತಿರುವಿದಳು. ಉಪ್ಪು ಹಾಕಿದಳು.

ಉಪ್ಪು ಹಾಕಿದ್ದನ್ನು ನೋಡಿ ರೇವಣಸಿದ್ದಯ್ಯ ಎದ್ದು ಕೂತ. "ಗಂಜಿಗೆ ಉಪ್ಪು ಯಾಕಮ್ಮಿ?"

"ಮಗೀಗೆ."

"ದೇವ್ರ ಮಡಕೆ ಕಣೇ ಅದು!"

"ನಿನ್ ದೇವ್ರು ತುಮಕೂರಲ್ಲಿ ಚರಂಡೀಲಿ ಹೋಯ್ತಿತ್ತು. ನಾಯಿ ನೆಕ್ತಿತ್ತು. ನೋಡ್ಕೊಂಡ್ ಬಂದೆ."

"ಹಾಸಿನ್ ನೂಲಿಗೆ ಏನ್ ಬಳೀಲಿ? ಎಳೆ ಕಿತ್ತೋಯ್ತದೆ. ಸಾಬ್ರಿಗೆ ಏನಂತ ಹೇಳ್ಲಿ?"

"ಉಣ್ಣೇನ ಉಣ್ಣೆ ಹಂಗೇ ವಾಪಸ್ ಕೊಡು."

"ಮತ್ತೆ ಕಲ್ಲು ಹೊರೋಕ್ ಹೋಗಾನಾ? ಎಲ್ ಎರಡು ಮಕ್ಕಳ್ನ ಹೂತ್ವೋ ಅಲ್ಲಿಗೆ?"

"ಅದಕ್ಕೇ ಕಣಾ," ಅಂದಳು. "ಇನ್ನೊಂದ್ನ ಹೂಳೋಕ್ ನನ್ ಕೈಲಾಗಲ್ಲ."

ತಟ್ಟೆಗೆ ಸುರಿದು, ಆರಿಸಿ, ಕೆಂಚಿಯ ಮುಂದಿಟ್ಟಳು. ಕೆಂಚಿ ಕೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು. "ಹೊಡೀತೀಯ" ಅಂದಳು.

ಚಿಕ್ಕಮಾರಮ್ಮ ಮಡಕೆಯೊಳಗೇ ಬೆರಳದ್ದಿ ಬಾಯಿಗಿಟ್ಟುಕೊಂಡಳು. ಅಷ್ಟು ವರ್ಷ ಕಾಯಿಸಿದ್ದರೂ ಅದರ ರುಚಿ ಅವಳಿಗೆ ಗೊತ್ತಿರಲಿಲ್ಲ. ಒಗರು, ಅಂಟು, ನಾಲಗೆ ಕಚ್ಚುತ್ತಿತ್ತು. ನುಂಗಿದಳು. "ಬಾ, ಇಲ್ಲ, ಹೊಡೆಯಲ್ಲ."

ಕೆಂಚಿ ಒಂದು ಗುಟುಕು ಕುಡಿದಳು. ಅದು ವಾಪಸ್ಸು ಬರುತ್ತದೆ ಅಂತ ತಾಯಿ ಅವಳ ಗಂಟಲನ್ನೇ ನೋಡುತ್ತ ಕೂತಳು. ಬರಲಿಲ್ಲ. ಇನ್ನೊಂದು ಗುಟುಕು. ತೊಳೆದ ಕಂಬಳಿಗಳಲ್ಲೊಂದನ್ನು ಎಳೆದು ಮಗಳ ಮೈಗೆ ಸುತ್ತಿದಳು. ಸತ್ತವರ ಕಂಬಳಿ ಅಂತ ಗಂಡ ಬಾಯಿಬಿಡುವ ಮುಂಚೆಯೇ, "ಬಾಯ್ ಮುಚ್ಚು" ಅಂದಳು.

ರೇವಣಸಿದ್ದಯ್ಯ ಗೋಡೆ ಹಿಡಿದು ಹೋಗಿ ಮಗ್ಗದ ಗುಂಡಿಗೆ ಕಾಲು ಬಿಟ್ಟು ಕೂತ. ಗಂಜಿ ಕಾಣದ ಹಾಸನ್ನೇ ಮಗ್ಗಕ್ಕೆ ಕಟ್ಟಿ, ಒಂದು ಸಲ ಲಾಳಿ ಓಡಿಸಿ ನೋಡಿದ. ಎಳೆ ಕಿತ್ತಿತು. ಗಂಟು ಹಾಕಿ ಮತ್ತೆ ಓಡಿಸಿದ. ಪಕ್ಕದ್ದು ಕಿತ್ತಿತು. ಆಮೇಲೆ ಅವನು ಹಾಸನ್ನು ಮಗ್ಗದಿಂದ ಬಿಚ್ಚಿ, ಸಾಬರಿಗೆ ಒಪ್ಪಿಸಲು ಉಂಡೆ ಸುತ್ತತೊಡಗಿದ.

ಅವಳು ಅವನ ಪಾಲನ್ನೂ ತಟ್ಟೆಗೆ ಹಾಕಿ ಗುಂಡಿಯ ಅಂಚಿಗಿಟ್ಟಳು. ಅವನು ಅದನ್ನು ಮುಟ್ಟಲಿಲ್ಲ. ನೂಲು ಸುತ್ತುತ್ತಲೇ ಇದ್ದ. ಸ್ವಲ್ಪ ಹೊತ್ತಿಗೆ ಕೆಂಚಿ ಕಂಬಳಿ ಎಳೆದುಕೊಂಡು ಕುಂಡಿಯ ಮೇಲೆ ಜರುಗುತ್ತ ಬಂದು, ಅಪ್ಪನ ತಟ್ಟೆ ನೋಡಿ, "ನಿಂಗ್ ಬ್ಯಾಡ್ವಾ?" ಅಂದಳು.