ಅಡ್ಮಿಟ್ ಆದ ಹೆಂಗಸರು

ಅಮೆರಿಕದ ರೆಡ್‌ವುಡ್ ಸಿಟಿಯಲ್ಲಿ ಬೆಳೆದ ನಮ್ಮಂಥವರಿಗೆ ಆಗೆಲ್ಲ ಭಾನುವಾರ ಅಂದರೆ ಕನ್ನಡ ಕ್ಲಾಸು. ಬಾಡಿಗೆಗೆ ಹಿಡಿದ ಶಾಲೆಯ ಕೆಫೆಟೇರಿಯಾ, ನೆಲಕ್ಕೇ ಅಂಟಿಕೊಂಡ ಪಿಜ್ಜಾ ವಾಸನೆ, ಅದರ ಮೇಲೆ ಅಮ್ಮಂದಿರು ತಂದ ಪುಳಿಯೋಗರೆಯ ಘಮ. ಇದಕ್ಕೆಲ್ಲ ಯಜಮಾನರು ನಮ್ಮ ಕನ್ನಡ ಸಂಘದ ಅಧ್ಯಕ್ಷ ಪ್ರಭಾಕರ್ ಅಂಕಲ್. ಹೃದಯದ ಡಾಕ್ಟರು. ಅವರ ಸ್ವಂತ ಹೃದಯ ಬಡಿದುಕೊಳ್ಳುತ್ತಿದ್ದುದು ಮೈಕು ಕಂಡಾಗ ಮಾತ್ರ.

ನಾನು ಆರನೇ ಕ್ಲಾಸಿನಲ್ಲಿದ್ದ ವರ್ಷ ಯುಗಾದಿಯ ನಾಟಕಕ್ಕೆ ದೊಡ್ಡ ಪರದೆ ಬರೆಯಬೇಕಿತ್ತು. ಮೈಸೂರಿನ ಮಾರ್ಕೆಟ್ಟು, ಅದರ ತುಂಬ ಜನ. ಗಂಡುಹುಡುಗರು ಪರದೆ ಬರೆಯಲಿ, ಹೆಣ್ಣುಮಕ್ಕಳು ಬಾಗಿಲಲ್ಲಿ ರಂಗೋಲಿ ಹಾಕಲಿ ಎಂದು ಅಂಕಲ್ ಅಪ್ಪಣೆ ಕೊಡಿಸಿದರು. ನನಗೋ ಮುಖಗಳ ಹುಚ್ಚು. ಬಸ್ಸಿನಲ್ಲಿ, ಗ್ರೋಸರಿ ಕ್ಯೂನಲ್ಲಿ, ಕಂಡಕಂಡವರ ಮೂಗು ಕಿವಿ ಗೀಚುತ್ತಿದ್ದೆ. ನಾನೂ ಪರದೆ ಬರೀತೀನಿ ಅಂದಾಗ, "ಪುಟ್ಟಿ, ರಂಗೋಲೀನೂ ಆರ್ಟೇ ಅಲ್ವಾ?" ಎಂದು ಕೆನ್ನೆ ಹಿಂಡಿ ಕಳಿಸಿದರು. ಅಷ್ಟು ದೊಡ್ಡ ಆರ್ಟಾದರೆ ಅವರ ಮಗನೇ ಹಾಕಬಹುದಿತ್ತಲ್ಲ!

ಮುಂದಿನ ವಾರ ಭಾಷಣ ಸ್ಪರ್ಧೆ. ವಿಷಯ: ನನ್ನ ಮೆಚ್ಚಿನ ಶಾಲೆ. ಉಳಿದವರು ತಂತಮ್ಮ ಶಾಲೆಯ ಆಟದ ಮೈದಾನ ಹೊಗಳಿದರು. ನಾನು ಲೈಬ್ರರಿಯಲ್ಲಿ ಓದಿದ್ದ, ಪ್ಯಾರಿಸ್ಸಿನ ಹಳೆಯ ಖಾಸಗಿ ಚಿತ್ರಶಾಲೆಯೊಂದರ ಬಗ್ಗೆ ಅಮ್ಮನನ್ನು ಕಾಡಿ ಕನ್ನಡದಲ್ಲಿ ಭಾಷಣ ಕಟ್ಟಿಕೊಂಡೆ. "ಅದಕ್ಕೇ ನಮಗೂ ಪರದೆ ಬರೆಯಲು ಬಿಡಿ" ಎಂಬುದು ಅದರ ಕೊನೆಯ ಮಾತು. ಆ ಒಂದು ಮಾತಿಗಾಗಿಯೇ ಉಳಿದದ್ದೆಲ್ಲ.

"ಸರ್ಕಾರದ ದೊಡ್ಡ ಶಾಲೇಲಿ ಹೆಂಗಸರಿಗೆ ಜಾಗ ಇರ್ಲಿಲ್ಲ. ಈ ಶಾಲೆಯವರು ಹೆಂಗಸರನ್ನ ಅಡ್ಮಿಟ್ ಮಾಡ್ಕೊಂಡ್ರು," ಅಂದೆ.

ಮುಂದಿನ ಸಾಲಿನಲ್ಲಿದ್ದ ಅಂಕಲ್ ಮೈಕು ಎಳೆದುಕೊಂಡರು. "ಪಾಪ, ಏನಾಗಿತ್ತಮ್ಮಾ ಅವರಿಗೆಲ್ಲ?"

ಸಭೆ ಗೊಳ್ಳೆಂದಿತು. ನಮ್ಮ ಮನೆಗಳಲ್ಲಿ ಅಡ್ಮಿಟ್ ಆಗುವುದು ಅಂದರೆ ಆಸ್ಪತ್ರೆಗೆ, ಅಷ್ಟೇ. 'ಸೇರಿಸಿಕೊಂಡರು' ಎಂದು ಅಮ್ಮ ಹೇಳಿಕೊಟ್ಟಿದ್ದ ಮಾತು ನಾಲಿಗೆಯಿಂದ ಜಾರಿಹೋಗಿತ್ತು. ಆ ಶಾಲೆಯಲ್ಲಿ ಹೆಂಗಸರು ಬೇರೆ ಕೋಣೆಯಲ್ಲಾದರೂ ಜೀವಂತ ಮನುಷ್ಯರನ್ನು ಎದುರಿಗೆ ಕೂರಿಸಿಕೊಂಡು ಬರೆದರು ಎಂಬುದೂ, ನನ್ನ ಆ ಕೊನೆಯ ಮಾತೂ ಗಂಟಲಲ್ಲೇ ಉಳಿದವು. ಅಳು ಬಂತು, ಇಳಿದುಬಿಟ್ಟೆ.

ಅಮ್ಮ ಎದ್ದು ನಿಂತು, "ಡಾಕ್ಟ್ರೇ, ಪೂರ್ತಿ ಹೇಳೋಕೆ ಬಿಡಿ ಅವಳಿಗೆ," ಅಂದರು. ಅಂಕಲ್ ಬಿಡಲಿಲ್ಲ. ಹೆಣ್ಣುಮಕ್ಕಳಿಗೆ ಅವಕಾಶ ಕೊಡುವುದರಲ್ಲಿ ನಮ್ಮ ಸಂಘ ಆ ಫ್ರೆಂಚರಿಗಿಂತ ಎಷ್ಟೋ ಮುಂದಿದೆ ಎಂದು ತಾವೇ ಒಂದು ಭಾಷಣ ಬಿಗಿದರು. ಆಮೇಲೆ ನನಗೆ ಸಮಾಧಾನಕರ ಬಹುಮಾನ ಕೊಟ್ಟರು: ಒಂದು ಡಬ್ಬಿ ರಂಗೋಲಿ ಬಣ್ಣ. ಥೂ, ನಾಚಿಕೆಯೂ ಆಗಲಿಲ್ಲ ಆ ಮನುಷ್ಯನಿಗೆ.

ಯುಗಾದಿಯ ದಿನ ಆ ಪರದೆ ವೇದಿಕೆಗೇರಿತು. ಹುಡುಗರಿಗೆ ಮುಖ ಬರೆಯಲು ಬರುತ್ತಿರಲಿಲ್ಲ, ಹಾಗಾಗಿ ಇಡೀ ಮೈಸೂರು ನಮಗೆ ಬೆನ್ನು ಹಾಕಿ ನಿಂತಿತ್ತು. ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ಅಂಕಲ್ ಕಣ್ಣೊರೆಸಿಕೊಂಡರು.

ಆಮೇಲೆ ಪೆನ್ಸಿಲು ಹಿಡಿದಾಗಲೆಲ್ಲ ಆ ನಗು ಕೇಳಿಸುತ್ತಿತ್ತು. ಬಿಟ್ಟೇಬಿಟ್ಟೆ. ಈಗ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬಿನಲ್ಲಿ ಕೆಲಸ. ಮೊನ್ನೆ ಅಂಕಲ್ ಫೋನು ಮಾಡಿ, ಮಹಿಳಾ ದಿನಕ್ಕೆ 'ಕಲೆಯಲ್ಲಿ ಹೆಣ್ಣು' ಎಂಬ ವಿಷಯದ ಮೇಲೆ ನೀನು ಮಾತಾಡಬೇಕು ಅಂದರು. ಅವರಿಗೆ ಏನೂ ನೆನಪಿಲ್ಲ. ಆಗುವುದಿಲ್ಲ ಎಂದು ಫೋನಿಟ್ಟೆ.

ಆ ಸಂಜೆ ಅಮ್ಮ ಕಿಟಕಿಯ ಪಕ್ಕ ಹುರುಳಿಕಾಯಿಯ ನಾರು ಬಿಡಿಸುತ್ತ ಕೂತಿದ್ದರು. ಎಷ್ಟೋ ವರ್ಷದ ಮೇಲೆ ಕಾಗದ ತೆಗೆದು ಅವರನ್ನೇ ನೋಡುತ್ತ ಬರೆದೆ, ಅಳಿಸಿದೆ, ಮತ್ತೆ ಬರೆದೆ. ಮುಗಿದ ಮೇಲೆ ತೋರಿಸಿದೆ. ಅಮ್ಮ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು.

"ಚೆನ್ನಾಗಿದೆ ಕಣೇ," ಅಂದರು. "ಯಾರಿದು?"